ತಾರಸಿ ಕೊರೆದವರಿಗೆ ವಂದನೆ

ನಡುವಿನ ಕುರ್ಚಿಯಲ್ಲಿ ಕೂತಿರುವ ನಮ್ಮ ಕಟ್ಟಡದ ಸಂಘದ ಅಧ್ಯಕ್ಷರೇ, ಸ್ವಿಚ್ ಒತ್ತಿ ನಮ್ಮ ಸೋಲಾರ್ ಉದ್ಘಾಟಿಸಿದ ಮುಖ್ಯ ಅತಿಥಿಗಳೇ, ಮೂರೂ ಮಹಡಿಗಳಿಂದ ಬಂದ ಸಭಿಕರೇ,

ಬಾಯಿಲ್ಲದ ಹುಡುಗಿ, ಎರಡೇ ನಿಮಿಷದಲ್ಲಿ ಮುಗಿಸುತ್ತಾಳೆ ಎಂದು ವಂದನಾರ್ಪಣೆಯನ್ನು ನನಗೆ ವಹಿಸಿದ್ದಾರೆ. ಆ ನಂಬಿಕೆಗೆ ಮೊದಲ ವಂದನೆ.

ಸೋಲಾರ್ ಫಲಕಗಳನ್ನು ತಾರಸಿಯ ಮೇಲೆ ನಿಲ್ಲಿಸಲು ಎರಡು ದಾರಿಗಳಿದ್ದವು. ತಾರಸಿ ಕೊರೆದು, ಬೋಲ್ಟು ಬಿಗಿದು, ಆಳೆತ್ತರದ ಕಬ್ಬಿಣದ ಕಾಲುಗಳನ್ನು ನಿಲ್ಲಿಸುವುದು ಒಂದು. ಕೊರೆಯದೆ, ತಗ್ಗಾದ ಚೌಕಟ್ಟಿಗೆ ಕಾಂಕ್ರೀಟ್ ದಿಮ್ಮಿಗಳನ್ನು ಹೇರಿ, ಭಾರದಿಂದಲೇ ಕೂರಿಸುವುದು ಇನ್ನೊಂದು. ಎರಡನೆಯದು ರಸ್ತೆಗೆ ಕಾಣುವುದಿಲ್ಲ. ಕಾಣದಿದ್ದರೆ ಅದೆಂಥ ಸೋಲಾರು? ಪಕ್ಕದ ಕಟ್ಟಡದವರ ಹೊಟ್ಟೆ ಉರಿಯುವುದಾದರೂ ಹೇಗೆ? ನಮ್ಮ ಸಮಿತಿ ಗಾಳಿಯ ಲೆಕ್ಕ ಕೇಳಲಿಲ್ಲ, ತಾರಸಿಯ ವಯಸ್ಸು ಕೇಳಲಿಲ್ಲ. ರಸ್ತೆಯಾಚೆ ನಿಂತು, ಕತ್ತೆತ್ತಿ ನೋಡಿ ತೀರ್ಮಾನಿಸಿತು.

ನನ್ನ ತಂದೆ ಗಾರೆ ಮೇಸ್ತ್ರಿಯಾಗಿದ್ದವರು. ಈ ತಾರಸಿ ಹಾಕಿದವರಲ್ಲಿ ಅವರೂ ಒಬ್ಬರು. ಈಗ ಅದರ ಕೆಳಗೇ, ಮೇಲಿನ ಮಹಡಿಯ ನಮ್ಮ ಮನೆಯಲ್ಲಿ, ಮಲಗುತ್ತಾರೆ. ಆ ತೀರ್ಮಾನವನ್ನು ಮತಕ್ಕೆ ಹಾಕಿದ ಸಭೆಯಲ್ಲಿ ಎದ್ದು ನಿಂತು, "ಇದು ಭಾರ ತಡೆಯುತ್ತೆ, ತೂತು ತಡೆಯಲ್ಲ, ನೋಡ್ರಪ್ಪ," ಅಂದರು. ಅಧ್ಯಕ್ಷರು ನಕ್ಕು, "ಯಜಮಾನ್ರೇ, ನಿಮ್ಮ ಕಾಲ ಆಯ್ತು, ಕೂತ್ಕೊಳ್ಳಿ," ಅಂದರು. ಆಮೇಲೆ ಕೈ ಎತ್ತಿಸಿದರು. ಕೆಳಗಿನ ಎರಡು ಮಹಡಿಗಳ ಕೈಗಳು ಒಮ್ಮೆಲೇ ಎದ್ದವು. ಸೋರಿದರೆ ತಮ್ಮ ತಲೆಯ ಮೇಲಲ್ಲ ಎಂದು ಗೊತ್ತಿರುವವರ ಧೈರ್ಯವೇ ಧೈರ್ಯ.

ಇದನ್ನು ಹೇಳಬೇಕೆಂದಿರಲಿಲ್ಲ. ನಾನೂ ಕೈ ಎತ್ತಿದೆ. ಎಲ್ಲರ ಕಣ್ಣೂ ನನ್ನ ಮೇಲಿತ್ತು, ಒಬ್ಬಳೇ ಕೈಕಟ್ಟಿ ಕೂರಲು ಸಂಕೋಚವಾಯಿತು. ಅಪ್ಪ ನನ್ನ ಕೈ ನೋಡಿದರು. ತಾರಸಿಯ ಮುಂದಿನ ಅರ್ಧವನ್ನು ಕೊರೆದರು, ಮೊದಲ ಮಳೆಗೇ ನಮ್ಮ ಮುಂದಿನ ಕೋಣೆ ಸೋರಿತು. ಅಪ್ಪ ಮಂಚವನ್ನು ಹಿಂದಿನ ಕೋಣೆಗೆ ಎಳೆದುಕೊಂಡರು, ಅಷ್ಟೆ. ನಾನು ದೂರು ಕೊಟ್ಟೆ. ಅದು ಸೋರಿಕೆಯಲ್ಲ, ತೇವಾಂಶ ಎಂದು ಸಮಿತಿ ಮೊಹರು ಒತ್ತಿ ಉತ್ತರಿಸಿತು. ದಿನಕ್ಕೆರಡು ಬಕೆಟ್ ತೇವಾಂಶ.

ಉಳಿದರ್ಧ ತಾರಸಿಯನ್ನು, ಎಂದರೆ ಆ ಹಿಂದಿನ ಕೋಣೆಯ ಮೇಲ್ಭಾಗವನ್ನು, ಸೋಮವಾರ ಕೊರೆಯುತ್ತಾರಂತೆ. ದೂರಿನ ವಿಷಯ ತಿಳಿದ ಗುತ್ತಿಗೆದಾರರು ಈ ಸಲ ಕೆಳಗೆ ವಾಸವಿರುವವರ ಲಿಖಿತ ಒಪ್ಪಿಗೆ ಕೇಳಿದ್ದಾರೆ. ಭಾಷಣಕ್ಕೆ ಕರೆಯುವ ಮೊದಲು ಅಧ್ಯಕ್ಷರು ಆ ಹಾಳೆಯನ್ನು ನನ್ನ ಕೈಗಿತ್ತು, "ಇಳಿದು ಬರುವಾಗ ಒಂದು ಸಹಿ ಹಾಕಿಬಿಡಮ್ಮ," ಅಂದರು.

ಹಾಕುವುದಿಲ್ಲ. ಹಾಳೆ ಇಲ್ಲೇ, ಮೈಕಿನ ಪಕ್ಕದಲ್ಲಿ ಬಿಟ್ಟಿದ್ದೇನೆ. ದಿಮ್ಮಿ ಇಡುವುದಾದರೆ ಎಲ್ಲೆಲ್ಲಿ ಇಡಬೇಕೆಂದು ಅಪ್ಪ ತೋರಿಸಿಕೊಡುತ್ತಾರೆ. ಕೊನೆಯ ಸಾಲಿನಲ್ಲಿ ಕೂತಿದ್ದಾರೆ. ಹೋಗಿ ಅವರನ್ನು ಕೇಳುವವರಿಗೆ ಮುಂಗಡವಾಗಿಯೇ ನನ್ನ ಧನ್ಯವಾದಗಳು.

ಉಳಿದವರಿಗೆ, ನಮಸ್ಕಾರ.