ಸಾಹುಕಾರರು ಬಾಯಿಪಾಠ ಮಾಡಿದ ಹೊಗಳಿಕೆ

ಕ್ಷಮಿಸಬೇಕು, ತಾಯಂದಿರೇ, ಅಣ್ಣಂದಿರೇ. ನಾಲಿಗೆಯ ವಿಷಯ ಮಾತಾಡಲು ನಿಂತಿದ್ದೇನೆ. ಸಂಜೆ ಕಾಲೇಜಿನಲ್ಲಿ ಓದಿದ ನನಗೆ ನನ್ನ ನಾಲಿಗೆಯ ಮೇಲೇ ಪೂರ್ತಿ ನಂಬಿಕೆ ಇಲ್ಲ. ಈ ಕಥೆ ಕೇಳಿ ಯಾರ ಮನಸ್ಸಾದರೂ ನೊಂದರೆ ತಪ್ಪು ನನ್ನದು. ಹೇಳದೆಯೂ ಇರಬಹುದಿತ್ತು. ಆದರೆ ಹೇಳದಿದ್ದರೆ ಇವತ್ತಿನ ಮಾತು ಬರೀ ಮಾತಾಗಿ ಹೋಗುತ್ತದೆ.

ಕಾಡಂಚಿನ ಒಂದು ಪೇಟೆ. ಅಲ್ಲೊಬ್ಬರು ಸಾಹುಕಾರರಿದ್ದರು. ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಿಮಗೆ ಅವರ ಮೇಲೆ ಸಿಟ್ಟು ಬರಬಹುದು. ಅವರ ತಾಯಿಗೆ ಕಣ್ಣು ಹೋಗುತ್ತಾ ಬಂದಿತ್ತು. ದೊಡ್ಡ ದೊಡ್ಡ ಊರಿನ ಆಸ್ಪತ್ರೆಗಳಲ್ಲಿ ಆಗುವುದಿಲ್ಲ ಎಂದು ಕೈಚೆಲ್ಲಿದರು. ಕೊನೆಗೆ ಬಸ್ತ್ಯಾಂವ ಎಂಬ ತರುಣ ಡಾಕ್ಟರು ಆಪರೇಷನ್ ಮಾಡಿದರು. ಪಟ್ಟಿ ಬಿಚ್ಚಿದ ದಿನ ಆ ತಾಯಿ ಮಗನ ಮುಖ ನೋಡಿ, “ಎಷ್ಟು ಮುದುಕ ಆಗೀಯೋ” ಅಂದರಂತೆ.

ಈ ಡಾಕ್ಟರು ಸಿದ್ದಿ ಜನಾಂಗದವರು. ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದವರ ಸಂತತಿ. ಈಗ ಅದೇ ಕಾಡಂಚಿನವರು. ಅಲ್ಲಿನ ನೀರು ಕುಡಿದು, ಅಲ್ಲಿನ ಶಾಲೆಯಲ್ಲೇ ಕನ್ನಡ ಕಲಿತವರು.

ತಾಯಿಗೆ ಕಣ್ಣು ಬಂದ ಸಂತೋಷಕ್ಕೆ ಸಾಹುಕಾರರು ಪೇಟೆಯಲ್ಲೇ ಒಂದು ಕಣ್ಣಿನ ಆಸ್ಪತ್ರೆ ಕಟ್ಟಿಸಿದರು. ಕಟ್ಟಡ ಎದ್ದಿತು, ಯಂತ್ರಗಳು ಬಂದವು, ಡಾಕ್ಟರು ಮಾತ್ರ ಇಲ್ಲ. ಅಷ್ಟು ದೂರ ಬಂದು ನೆಲೆಸಲು ಯಾರೂ ಒಪ್ಪಲಿಲ್ಲ. ಬಸ್ತ್ಯಾಂವ ಒಬ್ಬರೇ, ನೀವು ಇಟ್ಟುಕೊಂಡ ಸನ್ಮಾನಕ್ಕೆ ಬರುತ್ತೇನಲ್ಲ, ಅವತ್ತೇ ತಿಳಿಸುತ್ತೇನೆ ಎಂದಿದ್ದರು. ಅವರು ಇಲ್ಲವೆಂದರೆ ಹೊಸ ಬಾಗಿಲಿಗೆ ಬೀಗವೇ ಗತಿ.

ಸನ್ಮಾನ ಇಬ್ಬರಿಗೆ: ಬಸ್ತ್ಯಾಂವರಿಗೆ, ಮತ್ತೆ ಜಿಲ್ಲೆಯಲ್ಲೆಲ್ಲ ಹೆಸರಾದ ಒಬ್ಬ ಹಿರಿಯ ಡಾಕ್ಟರಿಗೆ. ಇಬ್ಬರ ಪರಿಚಯವನ್ನೂ ಸಾಹುಕಾರರು ತಾವೇ ಹೊಸೆದು, ಮಹಡಿಯ ಮೇಲೆ ಅಡ್ಡಾಡುತ್ತ ಬಾಯಿಪಾಠ ಮಾಡಿದರು. ಮೊದಲು ತರುಣರದು, ಆಮೇಲೆ ಹಿರಿಯರದು. ಒಂದೊಂದು ಮಾತನ್ನೂ ಪ್ರೀತಿಯಿಂದಲೇ ಆರಿಸಿದ್ದರು. ಆದರೆ ಆ ದಿನ ಹಿರಿಯರಿಗೆ ಬೇಗ ಹೊರಡಬೇಕಿತ್ತು. ನಿರೂಪಕರು ಅವರನ್ನೇ ಮೊದಲು ಕರೆದರು. ಸಾಹುಕಾರರು ಎದ್ದರು, ಮೈಕ್ ಮುಂದೆ ನಿಂತರು. ನೋಡಿ, ಬಾಯಿಪಾಠದ ಹಣೆಬರಹವೇ ಅಷ್ಟು. ನಾಲಿಗೆ ತಾನು ಕಲಿತ ಸಾಲಿನಲ್ಲೇ ಹೊರಟಿತು.

“ಈ ಡಾಕ್ಟರು ಬಹಳ ಶುಚಿಯಾಗಿರುತ್ತಾರೆ. ಹೇಳಿದ ಹೊತ್ತಿಗೆ ಬರುತ್ತಾರೆ. ಕುಡಿತದ ಗೊಡವೆ ಇಲ್ಲ. ಇಷ್ಟು ಓದಿದರೂ ದೊಡ್ಡವರ ಮುಂದೆ ತಗ್ಗಿ ನಡೆಯುತ್ತಾರೆ. ಕನ್ನಡವಂತೂ ಎಷ್ಟು ಚೆಂದ ಮಾತಾಡುತ್ತಾರೆಂದರೆ, ಕಣ್ಣು ಮುಚ್ಚಿ ಕೇಳಿದರೆ ನಮ್ಮವರೇ ಅನ್ನಿಸುತ್ತದೆ.”

ಸಭೆ ಮೊದಲು ಕಕ್ಕಾಬಿಕ್ಕಿಯಾಯಿತು. ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಹಿರಿಯರ ಮುಖ ಕೆಂಪಾಯಿತು. ಆಗಷ್ಟೇ ಹೊದಿಸಿದ್ದ ಸನ್ಮಾನದ ಶಾಲನ್ನು ತೆಗೆದು ಕುರ್ಚಿಯ ಮೇಲಿಟ್ಟರು.

“ಏನ್ರೀ ಸಾಹುಕಾರ್ರ, ಕುಡಿಯೂದಿಲ್ಲ ಅಂತ ನನಗ ಸರ್ಟಿಫಿಕೇಟ್ ಕೊಡಾಕತ್ತೀರೇನು? ಕಣ್ಣು ಮುಚ್ಚಿದ್ರ ನಿಮ್ಮವ. ತೆಗೆದ್ರ ಯಾರ್ರೀ ನಾನು?”

ಸಾಹುಕಾರರಿಗೆ ಆಗ ಎಚ್ಚರವಾಯಿತು. ಗಾಬರಿಯಲ್ಲಿ ಅವರ ಕಡೆ ಬಾಗಿ ಪಿಸುಗುಟ್ಟಿದರು. “ತಪ್ಪಾತ್ರಿ ಸರ್. ಅದು ನಿಮಗಲ್ಲ, ಅವರಿಗೆ ಹೇಳೂದಿತ್ತು.”

ಮೈಕ್ ಮುಂದೆಯೇ ಇತ್ತು. ಇಡೀ ಸಭೆಗೆ ಕೇಳಿಸಿತು.

ನಗು ನಿಂತುಹೋಯಿತು. ಹೇಳಿ, ಈಗ ಯಾರು ನಗುತ್ತಾರೆ? ಹಿರಿಯರನ್ನು ಕೆರಳಿಸಿದ ಅದೇ ಮಾತು ತರುಣರಿಗೆ ಹೊಗಳಿಕೆಯಾಗುವುದು ಹೇಗೆ? ಸಾಹುಕಾರರು ತಮ್ಮನ್ನೇ ಕೇಳಿಕೊಂಡರು. ಕುಡಿಯುವುದಿಲ್ಲ ಎಂದಿದ್ದೆ, ಹಾಗಾದರೆ ಕುಡಿಯುತ್ತಾರೆ ಎಂದು ನಾನು ಅಂದುಕೊಂಡಿದ್ದೆನೇ? ಶುಚಿ ಎಂದಿದ್ದೆ, ಕೊಳಕಾಗಿರುತ್ತಾರೆ ಎಂದು ಕಾದಿದ್ದೆನೇ? ಪ್ರೀತಿಯಿಂದ ಆರಿಸಿದ ಒಂದೊಂದು ಮಾತಿನ ಹಿಂದೆಯೂ ಹಳೆಯ ತಾತ್ಸಾರವೊಂದು ಅಡಗಿ ಕೂತಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ತಾಯಿ ತಲೆ ತಗ್ಗಿಸಿದರು. ಇನ್ನು ಆಸ್ಪತ್ರೆಯ ಕಥೆ ಮುಗಿಯಿತು ಎಂದುಕೊಂಡು ಸಾಹುಕಾರರು ಅಲ್ಲೇ ಕೈಮುಗಿದು ನಿಂತರು. ಒಳ್ಳೆಯ ಮನಸ್ಸಿನಿಂದ ಹೇಳಿದೆ ಎನ್ನಲು ಹೋದರು. ಅದೂ ಸರಿಯಲ್ಲ ಅನ್ನಿಸಿತು.

ಬಸ್ತ್ಯಾಂವ ಎದ್ದು ಮೈಕಿನ ಹತ್ತಿರ ಬಂದರು.

“ಡಾಕ್ಟರ್ ಸಾಹೇಬ್ರಿಗೆ ಅಂತ ಕಲಿತದ್ದು ಇನ್ನೂ ಒಂದು ಉಳದೈತಲ್ರಿ. ಅದನ್ನ ನನಗ ಹೇಳ್ರಿ. ಸುಳ್ಳಾದಲ್ಲಿ ನಾನೇ ನಿಲ್ಲಸ್ತೀನಿ.”

ಸಾಹುಕಾರರು ಶುರು ಮಾಡಿದರು. ಬೇರೆಯವರು ಕೈಬಿಟ್ಟ ಕಣ್ಣನ್ನು ಇವರು ಉಳಿಸಿದ್ದಾರೆ ಎಂದರು. ತರುಣರು ಸುಮ್ಮನಿದ್ದರು. ಇವರ ಕೈ ಹಗುರ, ತೀರ್ಮಾನ ಗಟ್ಟಿ ಎಂದರು. ಸುಮ್ಮನಿದ್ದರು. ಮೂವತ್ತು ವರ್ಷಗಳ ಸೇವೆ ಎಂದಾಗ ತರುಣರು ಕೈ ಎತ್ತಿದರು.

“ಇದು ನನಗಿನ್ನೂ ಆಗಿಲ್ರಿ. ಮುಂದಿಂದು ಹೇಳ್ರಿ.”

ಆಗ ನೋಡಿ, ಸಭೆಗೆ ಸಭೆಯೇ ನಕ್ಕಿತು. ಸಿಟ್ಟಾಗಿದ್ದ ಹಿರಿಯರೂ ನಕ್ಕು, ತಮ್ಮ ಶಾಲನ್ನೇ ಎತ್ತಿ ತರುಣರಿಗೆ ಹೊದಿಸಿದರು. “ಇವರು ನಮ್ಮ ಊರಿಗೆ ಬಂದರೆ ಅದು ನಮ್ಮ ಭಾಗ್ಯ” ಎಂಬ ಕೊನೆಯ ಸಾಲನ್ನು ಸಾಹುಕಾರರು ಬಸ್ತ್ಯಾಂವರ ಕಡೆ ತಿರುಗಿ ಹೇಳಿದರು. ಅದು ಬಾಯಿಪಾಠವಾಗಿರಲಿಲ್ಲ.

ಬಸ್ತ್ಯಾಂವ ಸೋಮವಾರದಿಂದ ಬರುತ್ತೇನೆ ಎಂದರು. ಬಾಗಿಲ ಮೇಲೆ ತಮ್ಮ ಹೆಸರು, ಓದು, ಇಷ್ಟೇ ಹಾಕಿಸಬೇಕು ಎಂದರು. ಸಾಹುಕಾರರಿಗೆ ಹೋದ ಜೀವ ಬಂದಂತಾಯಿತು. ಈಗಲೂ ಆ ಬಾಗಿಲು ತೆರೆದೇ ಇದೆ.

ತಾಯಂದಿರೇ, ಅಣ್ಣಂದಿರೇ, ನಾವು ನಕ್ಕೆವು. ನಗಲಿ ಅಂತಲೇ ಹೇಳಿದೆ. ಆದರೆ ನಾವು ಹೇಗೆ ಹೊಗಳುತ್ತೇವೆ? “ಸಿದ್ದಿ ಆದರೂ ಎಷ್ಟು ಬುದ್ಧಿವಂತ.” ಆ ‘ಆದರೂ’ ಎಲ್ಲಿಂದ ಬಂತು? “ಬ್ಯಾಂಕಿಗೆ ಬಂದ ಆ ಈಶಾನ್ಯದ ಹುಡುಗಿ ಪಾಪ, ಒಳ್ಳೆಯವಳು.” ಒಳ್ಳೆಯವಳಾಗಿರುವುದರಲ್ಲಿ ಪಾಪ ಏನು ಬಂತು? ಬೈಗುಳವಾದರೆ ಅವರು ತಿರುಗಿ ಬೈಯಬಹುದು. ಹೊಗಳಿಕೆಗೆ ಏನು ಮಾಡಬೇಕು? ನಗುತ್ತಾ ಕೈಮುಗಿಯಬೇಕು.

ನಾಳೆಯಿಂದ ಇಷ್ಟು ಮಾಡೋಣ. ಒಬ್ಬರನ್ನು ಹೊಗಳುವ ಮುಂಚೆ ಅದೇ ಮಾತನ್ನು ನಿಮ್ಮ ಬೀಗರಿಗೆ ಹೇಳುವಂತೆ ಮನಸ್ಸಿನಲ್ಲೇ ಹೇಳಿ ನೋಡಿ. ಬೀಗರು ಎಲೆ ಬಿಟ್ಟು ಏಳುವಂತಿದ್ದರೆ ಆ ಮಾತನ್ನು ನುಂಗಿಬಿಡಿ. ಮಕ್ಕಳನ್ನು ಶಾಲೆಗೆ ಬಿಡುವಾಗ ‘ಆ ಸಿದ್ದಿ ಟೀಚರು’ ಅನ್ನಬೇಡಿ, ‘ಗಣಿತದ ಟೀಚರು’ ಅನ್ನಿ. ಮನೆಯಲ್ಲಿ ಅನ್ನಿ, ಮಕ್ಕಳು ಕಲಿಯುವುದು ಅಲ್ಲೇ.

ಇನ್ನೊಂದು ಮಾತು, ಮುಗಿಸುತ್ತೇನೆ. ‘ಅದು ನಿಮಗಲ್ಲ, ಅವರಿಗೆ’ ಎಂದು ಕೇಳಿಸಿಕೊಂಡ ಆ ಗಳಿಗೆಯಲ್ಲಿ ಬಸ್ತ್ಯಾಂವರಿಗೆ ಒಳಗೆ ಏನಾಯಿತು? ಅಷ್ಟು ಬೇಗ, ಅಷ್ಟು ಹಗುರಾಗಿ ಉತ್ತರ ಕೊಡುವುದನ್ನು ಅವರು ಎಲ್ಲೆಲ್ಲಿ, ಯಾರ್‍ಯಾರ ಮುಂದೆ ನಿಂತು ಕಲಿಯಬೇಕಾಯಿತು? ಸಾಹುಕಾರರು ಕೇಳಲಿಲ್ಲ. ನನಗೆ ಈ ಕಥೆ ಹೇಳಿದವರೂ ಹೇಳಲಿಲ್ಲ. ನನಗೂ ಗೊತ್ತಿಲ್ಲ.