ಸವಿತಾ ಬರುವವರೆಗೆ ಹವ್ಯಾಸದ ಬಗ್ಗೆ ಎರಡು ಮಾತು

ವೇದಿಕೆಯ ಮೇಲಿರುವ ನಮ್ಮ ಶಾಲೆಯ ಕಾರ್ಯದರ್ಶಿಗಳಾದ ಶ್ರೀ ರಾಮಯ್ಯನವರೇ, ಕಾರ್ಖಾನೆಯ ಕೆಲಸ ಬಿಟ್ಟು ಬಂದಿರುವ ಮುಖ್ಯ ಅತಿಥಿಗಳೇ, ಪಾಳಿ ಮುಗಿಸಿ ನಿದ್ದೆಗಣ್ಣಲ್ಲೇ ಬಂದು ಕೂತಿರುವ ತಂದೆತಾಯಂದಿರೇ, ಮುಖಕ್ಕೆ ಬಣ್ಣ ಬಳಿದುಕೊಂಡು ಪರದೆಯ ಹಿಂದೆ ಬೇಯುತ್ತಿರುವ ಮಕ್ಕಳೇ, ಸಭಿಕರೇ,

ಈಗ ಇಲ್ಲಿ ನಿಂತಿರಬೇಕಾದವಳು ನಾನಲ್ಲ, ಎಂಟನೇ ತರಗತಿಯ ಸವಿತಾ. ವಿಷಯ, ‘ಹವ್ಯಾಸಗಳಿಂದಾಗುವ ಪ್ರಯೋಜನಗಳು’. ಅವಳಿನ್ನೂ ಬಂದಿಲ್ಲ. ಅವಳು ಬರುವವರೆಗೆ ಅವಳ ಕನ್ನಡ ಮೇಡಂ ಶೈಲಜಾ ಆದ ನಾನು ಎರಡು ಮಾತು ಆಡುತ್ತೇನೆ. ಎರಡು ಎಂದದ್ದು ಬಾಯಿಮಾತಿಗೆ. ರಾಮಯ್ಯ ಸರ್, ದಯವಿಟ್ಟು ಗಡಿಯಾರ ನೋಡಬೇಡಿ. ಹುಡುಗಿ ಸಮಯಕ್ಕೆ ಬರದಿದ್ದರೆ ಆ ಜಾಗಕ್ಕೆ ಡ್ಯಾನ್ಸ್ ಹಾಕುತ್ತೇವೆ ಎಂದು ತಾವು ಹೇಳಿದ್ದು ನೆನಪಿದೆ. ಆದರೆ ಮೈಕು ನನ್ನ ಕೈಯಲ್ಲಿರುವಾಗ ಡ್ಯಾನ್ಸ್ ಹೇಗೆ ಶುರುವಾದೀತು?

ಹವ್ಯಾಸ ಎಂದರೇನು? ಬಿಡುವಿನ ವೇಳೆಯ ಸದುಪಯೋಗ. ಬಿಡುವು ಎಂದರೇನು? ಅದನ್ನು ಮಾತ್ರ ನನ್ನನ್ನು ಕೇಳಬೇಡಿ. ಈ ಶಾಲೆಗೆ ಸೇರಿದಂದಿನಿಂದ ಪ್ರತಿ ವಾರ್ಷಿಕೋತ್ಸವಕ್ಕೂ ಈ ಭಾಷಣವನ್ನು ನಾನೇ ಬರೆದುಕೊಡುತ್ತಿದ್ದೇನೆ. ಮಕ್ಕಳು ಬಾಯಿಪಾಠ ಮಾಡುತ್ತಾರೆ. ಎಲ್ಲಿ ಕೈ ಎತ್ತಬೇಕು, ಎಲ್ಲಿ ನಗಬೇಕು ಎಂಬುದನ್ನೂ ನಾನೇ ಹೇಳಿಕೊಡುತ್ತೇನೆ. ‘ನನ್ನ ಹವ್ಯಾಸ ಅಂಚೆಚೀಟಿ ಸಂಗ್ರಹ’ ಎಂದು ಎಲ್ಲ ಮಕ್ಕಳೂ ಇದೇ ವೇದಿಕೆಯಲ್ಲಿ ಎದೆಯುಬ್ಬಿಸಿ ಹೇಳಿದ್ದಾರೆ. ನಮ್ಮ ಈ ರಾಜಗೋಪಾಲನಗರದ ಯಾವ ಮನೆಗೆ ಈಗ ಅಂಚೆಚೀಟಿ ಹಚ್ಚಿದ ಕಾಗದ ಬರುತ್ತದೆ? ನೀವು ಚಪ್ಪಾಳೆ ಹೊಡೆದಿರಿ. ನಾನೂ ಹೊಡೆದೆ.

ಈ ವರ್ಷ ಅದನ್ನೇ ಸವಿತಾಳ ಕೈಗೆ ಕೊಟ್ಟೆ. ಓದಿ ನೋಡಿ, ಸುತ್ತ ಯಾರೂ ಇಲ್ಲದಾಗ ನನ್ನನ್ನು ಕೇಳಿದಳು: “ಮೇಡಂ, ಸ್ಟಾಂಪ್ ಅಂದ್ರ ಬಾಡಿಗಿ ಅಗ್ರಿಮೆಂಟಿಗೆ ಹಚ್ಚತಾರಲ್ರೀ, ಅದಾ? ಅದನ್ನ ಕೂಡಿಸಿ ಇಟ್ಟು ಏನ್ ಮಾಡ್ತಾರ್ರೀ?”

ನಗಬೇಡಿ. ಅವಳ ಮಾತಿಗೆ ತರಗತಿಯಲ್ಲಿ ಬೇಕಾದಷ್ಟು ನಕ್ಕಾಗಿದೆ. ಯಾದಗಿರಿ ಕಡೆಯಿಂದ ಬಂದ ಮಗು. ಬಂದ ಹೊಸದರಲ್ಲಿ ಬಾಯಿ ತೆರೆದರೆ ಸಾಕು, ಮಕ್ಕಳು ಗೊಳ್ಳೆನ್ನುತ್ತಿದ್ದರು. ಆಮೇಲಾಮೇಲೆ ಅವಳು ಬಾಯಿ ತೆರೆಯುವುದನ್ನೇ ಬಿಟ್ಟಳು. ಉತ್ತರ ಗೊತ್ತಿದ್ದರೂ ತಲೆ ತಗ್ಗಿಸಿ ನಿಲ್ಲುತ್ತಿದ್ದಳು.

“ಹೋಗ್ಲಿ, ಪುರುಸೊತ್ತಾದಾಗ ನೀನೇನ್ ಮಾಡ್ತೀಯಮ್ಮ?” ಎಂದೆ. “ನಳದ ಮುಂದ ಪಾಳಿಗೆ ಕೊಡ ಇಟ್ಟು ಕುಂತಾಗ ಪದಾ ಕಟ್ತೀನ್ರೀ. ಓನರಕ್ಕನ ಮ್ಯಾಲೂ ಕಟ್ಟೀನಿ. ಹೇಳಬ್ಯಾಡ್ರೀ ಮತ್ತ!” ಎಂದಳು. ಒಂದನ್ನು ಹೇಳಿಯೇ ಬಿಡುತ್ತೇನೆ. ಮನೆ ಬಾಡಿಗೆಗೆ ಕೊಟ್ಟ ಆ ಓನರಕ್ಕ ಇಲ್ಲೇ ಕೂತಿದ್ದರೆ ಹುಡುಗಿಯನ್ನು ಬಯ್ಯಬಾರದು.

ನಳದಾಗ ನೀರಿಲ್ಲ, ಬುಸುಗುಟ್ಟಿ ಗಾಳ್ಯೈತಿ
ಓನರಕ್ಕನ ಬಾಯಿ ನಳಕಿಂತ, ತಂಗೆವ್ವಾ,
ಮೊದಲ ಸುರುವಾಗೈತಿ ಮುಂಜಾನೆ!

ನೋಡಿ, ಈಗ ನಗಬಹುದು. ಆ ದಿನ ನಾನು ಅಂಚೆಚೀಟಿಯ ಭಾಷಣ ಹರಿದುಹಾಕಿದೆ. ‘ನಿನ್ನ ಭಾಷಣ ನೀನೇ ಕಟ್ಟು, ನಿನ್ನ ಮಾತಲ್ಲೇ ಕಟ್ಟು’ ಎಂದೆ. ಕಾರ್ಯದರ್ಶಿಗಳು, “ಏನ್ರೀ ಮೇಡಂ, ಗೆಸ್ಟ್ ಮುಂದೆ ನಲ್ಲಿ, ಕೊಡ ಅಂತೆಲ್ಲಾ! ಸ್ಟಾಂಪೇ ಇರ್ಲಿ ಬಿಡ್ರೀ, ಡೀಸೆಂಟಾಗಿರತ್ತೆ” ಎಂದರು. ವಾದ ಮಾಡಿದೆ. ಕೊನೆಗೆ ಅವರು ಒಪ್ಪಿದ್ದು ನನ್ನ ವಾದ ಕೇಳಿಯೋ, ನನ್ನ ಕಾಟ ತಡೆಯಲಾರದೆಯೋ, ಅವರಿಗೇ ಗೊತ್ತು. ಒಪ್ಪಿದರಲ್ಲ, ಅಷ್ಟು ಸಾಕು.

ಇವತ್ತು ನೋಡಿ, ಶಾಲೆಯ ಹಿಂದಿರುವ ಅವಳ ಬೀದಿಯಲ್ಲಿ ನೀರು ಬಿಡುವ ದಿನ. ಬೆಳಿಗ್ಗೆ ಬರಬೇಕಾದ ನೀರು ಬಂದಿಲ್ಲ. ಅಲ್ಲಿಯ ಪದ್ಧತಿ ನಿಮಗೆ ಗೊತ್ತೇ ಇದೆ. ಕೊಡದ ಹಿಂದೆ ಮನೆಯವರೊಬ್ಬರು ಇರಲೇಬೇಕು, ಇಲ್ಲದಿದ್ದರೆ ಆ ಕೊಡವನ್ನು ಪಾಳಿಯಿಂದ ಎತ್ತಿ ಪಕ್ಕಕ್ಕಿಡುತ್ತಾರೆ. ‘ನೀರ್ ಬಂದ್ ಕೂಡ್ಲೇ ತುಂಬ್ಸಿ ಓಡಿ ಬರ್ತಾಳಂತೆ ಮೇಡಂ’ ಎಂದು ಅವಳ ಗೆಳತಿ ಹೇಳಿಹೋದಳು. ಅದಕ್ಕೇ ನಾನಿಲ್ಲಿ ನಿಂತಿರುವುದು. ಇವತ್ತು ಈ ವೇದಿಕೆಯಲ್ಲಿ ಅವಳ ಸರದಿಯನ್ನು ಇನ್ನೊಬ್ಬರಿಗೆ ಕೊಟ್ಟರೆ, ಆ ಮಗು ಈ ಶಾಲೆಯಲ್ಲಿ ಮತ್ತೆ ಬಾಯಿ ತೆರೆಯುವುದಿಲ್ಲ.

ಹೊಳೆವ್ವ, ಯಾಕೆ ಎದ್ದಿರಿ? ಸಭಿಕರೇ, ಅವರೇ ಸವಿತಾಳ ತಾಯಿ. ಗಾರ್ಮೆಂಟ್ಸಿನಿಂದ ಅರ್ಧ ದಿನ ರಜೆ ಹಾಕಿ, ಮಗಳು ಇಲ್ಲೇ ಇದ್ದಾಳೆಂದು ನೆಟ್ಟಗೆ ಇಲ್ಲಿಗೇ ಬಂದಿದ್ದಾರೆ. ಹೊಳೆವ್ವ, ಕೂತ್ಕೊಳ್ಳಿ! ನೀವು ಹೋಗಿ ಕೊಡದ ಹಿಂದೆ ನಿಂತರೆ ಅವಳ ಮಾತು ಕೇಳೋರು ಯಾರು?

ಹೋಗಿಯೇಬಿಟ್ಟರು. ಕೈಚೀಲವನ್ನೂ ಕುರ್ಚಿಯ ಮೇಲೇ ಬಿಟ್ಟು ಹೋದರು. ಪಕ್ಕದವರು ಸ್ವಲ್ಪ ನೋಡಿಕೊಳ್ಳಿ.

ಏನು ಹೇಳುತ್ತಿದ್ದೆ? ಪ್ರಯೋಜನಗಳು. ಹವ್ಯಾಸದಿಂದ ಮನಸ್ಸು ಹಗುರಾಗುತ್ತದೆ. ನಿಜ. ನಾನು ಚಿಕ್ಕಂದಿನಲ್ಲಿ ಕೊಟ್ಟೂರಿನಲ್ಲಿ ಖೋಖೋ ಆಡುತ್ತಿದ್ದವಳು. ನನ್ನನ್ನು ಮುಟ್ಟಲು ಎದುರಾಳಿಗಳು ಏದುಸಿರು ಬಿಡುತ್ತಿದ್ದರು. ಈಗ ಜಾಲಹಳ್ಳಿಯಿಂದ ಬಸ್ಸಿನಲ್ಲಿ ನಿಂತು ಬಂದು, ಪಾಠ ಮಾಡಿ, ನಿಂತೇ ಮನೆಗೆ ಹೋಗಿ, ಒಲೆಯ ಮುಂದೆ ನಿಲ್ಲುತ್ತೇನೆ. ಮಂಡಿ ಎರಡೂ ಹೋಗಿವೆ. ‘ನಿಮ್ಮ ಹವ್ಯಾಸ ಏನ್ರೀ ಮೇಡಂ?’ ಎಂದು ಸವಿತಾ ಕೇಳಿದಾಗ ‘ನಿದ್ದೆ’ ಎಂದೆ. ಅವಳು ನಕ್ಕಳು. ಮನೆಯಲ್ಲಿ ನನ್ನನ್ನು ಯಾರೂ ಇಂಥ ಪ್ರಶ್ನೆ ಕೇಳುವುದಿಲ್ಲ. ಕೇಳಿದ್ದಕ್ಕೇ ನನಗೆ ಕಣ್ಣು ತುಂಬಿ ಬಂತು. ಅಯ್ಯೋ, ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ? ಸುಸ್ತಾಗಿದೆ, ಕ್ಷಮಿಸಿ. ಆದರೆ ಮೈಕು ಮಾತ್ರ ಬಿಡುವುದಿಲ್ಲ. ಸರ್, ಚೀಟಿ ಕಳಿಸಬೇಡಿ, ಕನ್ನಡಕ ತಂದಿಲ್ಲ.

ಬಂದಳು! ದಾರಿ ಬಿಡಿ, ಬಿಡಿ. ಬಾ ಮಗಳೇ. ಲಂಗ ಒದ್ದೆಯಾಗಿದ್ದರೆ ಏನಂತೆ, ನೀರು ಬಂತು ಎಂದಾಯಿತು, ಉಳಿದ ಕೊಡ ತುಂಬಲು ನಿನ್ನಮ್ಮ ಅಲ್ಲಿ ನಿಂತರು ಎಂದಾಯಿತು. ಉಸಿರು ತೆಗೆದುಕೋ. ಆ ಖಾಲಿ ಕುರ್ಚಿಯನ್ನೇ ನೋಡಬೇಡ.

ಬಾಲಾಜಿ, ಮೈಕ್‌ಸೆಟ್ ಬಾಲಾಜಿ, ಎಲ್ಲಿದ್ದೀಯಪ್ಪ? ಅಡ್ಮಿಷನ್ ಸುದ್ದಿ ದಾರಿಹೋಕರಿಗೆ ಕೇಳಿಸಲಿ ಅಂತ ಮಹಡಿಯ ಹಾರ್ನನ್ನು ಮೇನ್ ರೋಡಿಗೆ ತಿರುಗಿಸಿದ್ದೀಯಲ್ಲ, ಅದನ್ನು ಹಿಂದಿನ ಬೀದಿಯ ನಲ್ಲಿಯ ಕಡೆ ತಿರುಗಿಸು. ಸರ್ ಏನೂ ಅನ್ನುವುದಿಲ್ಲ. ಅಂದರೆ ನನಗೆ ಅನ್ನಲಿ. ಪೂರ್ತಿ ತಿರುಗಿಸಿದೆಯಾ? ಸೌಂಡು ಜಾಸ್ತಿ ಮಾಡು.

ಇಷ್ಟು ಹೊತ್ತು ನನ್ನನ್ನು ಸಹಿಸಿಕೊಂಡ ಎಲ್ಲರಿಗೂ ಧನ್ಯವಾದಗಳು. ಹೊಳೆವ್ವ, ಕೇಳಿಸ್ತಾ ಇದೆಯಾ? ಕೊಡ ತುಂಬುವಾಗ ನಲ್ಲಿಯನ್ನು ಸ್ವಲ್ಪ ಸಣ್ಣಗೆ ಬಿಟ್ಟುಕೊಳ್ಳಿ. ಪಾಳಿಯಲ್ಲಿರುವ ಅಕ್ಕಂದಿರೇ, ಕೊಡದ ಸದ್ದು ಮಾಡಬೇಡಿ. ಈಗ ಸವಿತಾ ಮಾತಾಡುತ್ತಾಳೆ.

ನಮಸ್ಕಾರ.