ತಪ್ಪೆಂದಾದರೂ ಹೇಳಿದ ಹೆಸರು

೧೯೬೯ರ ಮಹಾಲಯ ಅಮಾವಾಸ್ಯೆಯ ಬೆಳಗ್ಗೆ ಚಿಂತಾಮಣಿಯ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕುಳಿತಿದ್ದ ಹಿರಿಯರ ಕೈಯಲ್ಲಿ ಎಡೆಗೆಂದು ಕೊಂಡ ಬಾಳೆ ಎಲೆಗಳಿದ್ದವು. ತೀರಿಕೊಂಡ ಅವರ ಮಗನೊಡನೆ ನಕ್ಷತ್ರಗಳ ಸಂಶೋಧನೆಯಲ್ಲಿ ಕೆಲಸ ಮಾಡಿದ್ದ ಯುವಕ ಜೊತೆಗಿದ್ದ.

"ಮಿಡಿಯೋ ನಕ್ಷತ್ರದ ಮೇಲೆ ನಮ್ಮ ಚನ್ನಕೇಶವ ಬರೆದಿದ್ನಲ್ಲಪ್ಪ, ಯಾರಾದ್ರೂ ಓದಿದ್ರಾ?"

"ಒಬ್ಬರು ತಮ್ಮ ಲೇಖನದಲ್ಲಿ ಅವನ ಹೆಸರು ಹೇಳಿದಾರೆ."

"ಏನಂತ?"

"ಅವನ ಲೆಕ್ಕ ತಪ್ಪು ಅಂತ."

"ಚಿಕ್ಕೋನಿದ್ದಾಗ್ಲೂ ಕೂಡೋ ಲೆಕ್ಕ ತಪ್ಪೇ ಕಣಪ್ಪ ಅವನಿಗೆ. ಹೆಸರಾದ್ರೂ ಹೇಳಿದ್ರಲ್ಲ! ಹೆಂಡ್ತಿ ಮಕ್ಕಳಿಲ್ಲ, ನನ್ನ ನಂತರ ಎಡೆ ಇಡೋರಿಲ್ಲ. ಲೇಖನ ಬರೆಯೋರು ಅವನ ಹೆಸರು ಹೇಳ್ತಾ ಇರ್ತಾರಾ?"

"ಇಲ್ಲ ಯಜಮಾನ್ರೇ. ತಪ್ಪು ಅಂತಾದ್ಮೇಲೆ ಮತ್ತೆ ಯಾರೂ ಎತ್ತಲ್ಲ."



"ಹಂಗಾದ್ರೆ ನಾನಿರೋವರೆಗೆ ಅಷ್ಟೇ. ನಡಿಯಪ್ಪ, ಅವನ ಎಡೆ ಮುಂದೆ ನೀನೂ ಒಂದ್ಸಲ ಹೆಸರು ಹೇಳು."

ಶಿಡ್ಲಘಟ್ಟದ ಬಸ್ಸು ಬಂತು. ಎಲೆ ಹರಿಯದಂತೆ ಎದೆಗವಚಿಕೊಂಡು ಅವರು ಹತ್ತಿದರು.